ಹುಳುಮನೆಯ ಮೂಲೆಯ ದೀಪವನ್ನು ತೆಗೆಯದಿರುವ ಬಗ್ಗೆ

ಇಂದ:
ಶ್ರೀಮತಿ ಸಹನ, ಗಂಡ ವೆಂಕಟ್,
ಈ ಮನೆಯ ಏಕಮಾತ್ರ ಸೊಸೆ,
ನರಸಾಪುರದ ಒಂದು ಕಾರ್ಖಾನೆಯಲ್ಲಿ ಮೊದಲ ಪಾಳಿಯ ನೌಕರಳು,
ಯಲ್ದೂರು ಹೋಬಳಿ, ಶ್ರೀನಿವಾಸಪುರ ತಾಲ್ಲೂಕು.

ಗೆ:
ಶ್ರೀ ಕೋದಂಡರಾಮಪ್ಪನವರು,
ಮನೆಯ ಯಜಮಾನರು, ಹಾಲಿನ ಸೊಸೈಟಿಯ ನೂತನ ನಿರ್ದೇಶಕರು, ಅರ್ಜಿದಾರಳ ಮಾವನವರು,
ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿ, ಫ್ಯಾನಿನ ಕೆಳಗೆ.

ಮುಖಾಂತರ:
ಶ್ರೀ ವೆಂಕಟ್. (ಇವರು "ನನ್ನ ಮಧ್ಯಕ್ಕೆ ಎಳೀಬ್ಯಾಡ ಕಣೇ" ಎಂದು ತೋಟಕ್ಕೆ ಹೋಗಿರುವುದರಿಂದ ನೇರವಾಗಿ ಸಲ್ಲಿಸಲಾಗಿದೆ.)

ವಿಷಯ: ಹುಳುಮನೆಯ ಮೂಲೆಯಲ್ಲಿರುವ ಗಿಡ ಬೆಳೆಸುವ ಡೇರೆಯನ್ನು ತೆರವುಗೊಳಿಸದಿರಲು ಕೋರಿಕೆ, ಮತ್ತು ಸದರಿ ಡೇರೆಗೆ ಒಂದಲ್ಲ, ಮೂರು ಎಲ್‌ಇಡಿ ದೀಪಗಳು ಬಂದುದಕ್ಕೆ ಸಮಜಾಯಿಷಿ.

ಉಲ್ಲೇಖ:
೧. ಕಳೆದ ಸೋಮವಾರ ಮುದ್ದೆಯ ಮೊದಲ ತುತ್ತಿಗೂ ಎರಡನೆಯ ತುತ್ತಿಗೂ ನಡುವೆ ತಾವು ಹೊರಡಿಸಿದ ಮೌಖಿಕ ಆದೇಶ.
೨. ಅದಕ್ಕೆ ಅರ್ಜಿದಾರಳು ಬಾಯಿ ತೆರೆದ ಕೂಡಲೇ ತಾವು ಕೈ ಎತ್ತಿ, "ಏನಿದ್ರೂ ಬರವಣಿಗೇಲಿ ಕೊಡಮ್ಮ, ಬಾಯ್ಮಾತು ಬ್ಯಾಡ" ಎಂದದ್ದು.
೩. ಡೇರೆ ಹಾಕುವ ಮುನ್ನ ಅನುಮತಿ ಕೇಳಿದಾಗ, ಟಿವಿಯಿಂದ ಕಣ್ಣು ತೆಗೆಯದೆ, "ಇಟ್ಕೊ, ಯಾರು ಬ್ಯಾಡಾಂದ್ರು" ಎಂದು ತಾವೇ ದಯಪಾಲಿಸಿದ್ದು.

ಮಾನ್ಯ ಮಾವನವರೇ,

ಮೇಲಿನ ವಿಷಯವು ಊಟದೆಲೆಯಿಂದ ಎದ್ದು ಅಡುಗೆಮನೆ, ಹಿತ್ತಲು ದಾಟಿ ಪಕ್ಕದ ಮನೆಯ ಕದಿರಮ್ಮನವರ ತನಕ ಹೋಗಿರುವುದರಿಂದ, ಇನ್ನು ಕಾಗದಕ್ಕೆ ಬರುವುದೊಂದೇ ಬಾಕಿ ಎಂದು ಭಾವಿಸಿ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಮ್ಮ ಆದೇಶದ ಸಾರಾಂಶ ಇಷ್ಟು. ಹುಳುಮನೆಯನ್ನು, ಅಂದರೆ ರೇಷ್ಮೆಯ ಮರಿಹುಳು ಸಾಕುವ ಒಳಕೋಣೆಯನ್ನು, ಖಾಲಿ ಮಾಡಿಸಿ, ಟೈಲ್ಸ್ ಹಾಕಿಸಿ, ಸೋಫಾ ಇಡತಕ್ಕದ್ದು. ತಾವು ನಿರ್ದೇಶಕರಾಗಿ ಆಯ್ಕೆಯಾದ ಮೇಲೆ ನಾಲ್ಕು ಜನ ಬಂದು ಹೋಗುತ್ತಾರೆ. ಅವರನ್ನು ಗೊಬ್ಬರದ ಮೂಟೆಗಳ ಪಕ್ಕ ಕೂರಿಸುವುದು ಘನತೆಗೆ ತಕ್ಕುದಲ್ಲ. ದೊಡ್ಡ ಹುಳುಗಳು ಈಗಾಗಲೇ ತೋಟದ ಹೊಸ ಶೆಡ್ಡಿಗೆ ವರ್ಗವಾಗಿವೆ. ಮರಿಹುಳುಗಳನ್ನು ಊರಿನವರು ಬಹುತೇಕ, ಮರಿ ಸಾಕಿ ಮಾರುವ ಚಾಕಿ ಕೇಂದ್ರದಿಂದಲೇ ತರುತ್ತಾರೆ, ನಾವೂ ತಂದರಾಯಿತು. ಆದಕಾರಣ, ಆ ಕೋಣೆಗೆ ಕೆಲಸವಿಲ್ಲ. ಆದಕಾರಣ, ಅದರ ಮೂಲೆಯಲ್ಲಿರುವ ಅರ್ಜಿದಾರಳ ಡೇರೆಗೂ ಕೆಲಸವಿಲ್ಲ. ಯುಗಾದಿಯೊಳಗೆ ಎಲ್ಲವೂ ಈಚೆಗೆ ಬರತಕ್ಕದ್ದು. ಜೊತೆಗೆ, "ಅಷ್ಟಗಲ ಟೆಂಟಿಗೆ ಮೂರು ಲೈಟ್ ಯಾಕಮ್ಮ ಬಂತು? ತರೋದನ್ನ ಒಂದೇ ಸಲ ಸರಿಯಾಗಿ ತರಾಕಾಗ್ಲಿಲ್ವಾ?" ಎಂದು ವಿವರಣೆಯನ್ನೂ ಕೇಳಲಾಗಿದೆ.

೨. ಡೇರೆ ಎಂದಾಕ್ಷಣ ಸರ್ಕಸ್ ಕಲ್ಪಿಸಿಕೊಳ್ಳಬೇಕಿಲ್ಲ. ಎರಡಡಿ ಅಗಲ, ಎರಡಡಿ ಉದ್ದ, ಎತ್ತರ ಅರ್ಜಿದಾರಳ ಭುಜದವರೆಗೆ. ಹೊರಗೆ ಕಪ್ಪು ಬಟ್ಟೆ, ಒಳಗೆ ಬೆಳ್ಳಿಯಂಥ ಹಾಳೆ, ಮುಂದೆ ಜಿಪ್ಪು. ಅದರೊಳಗೆ ಸ್ಟ್ರಾಬೆರಿ ಗಿಡಗಳು. ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಮೇಘನ ತನ್ನ ಮನೆಯ ಗಿಡದ ಬಳ್ಳಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ ಟಿಫನ್ ಡಬ್ಬಿಯಲ್ಲಿ ತಂದುಕೊಟ್ಟದ್ದು. ಮೊದಲು ಅವನ್ನು ಹಿತ್ತಲಲ್ಲಿಯೇ ನೆಡಲಾಗಿತ್ತು. ಕೋಳಿ ಕೆದಕಿತು, ಮೇಕೆ ಮೇಯಿತು, ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಹುಳುಮನೆಗೆ ಕೋಳಿ ಬರುವುದಿಲ್ಲ, ಮೇಕೆ ಬರುವುದಿಲ್ಲ, ಇರುವೆ ಬಂದರೂ ಹುಳು ಸಾಕುವ ತಟ್ಟೆಗಳ ಚೌಕಟ್ಟಿನ ಕಾಲಿಗಿಟ್ಟ ನೀರಿನ ಬಟ್ಟಲಲ್ಲಿ ಬೀಳುತ್ತದೆ. ಮನುಷ್ಯರು ಕೂಡ ಕಾಲು ತೊಳೆದು, ಕೈ ತೊಳೆದು, ಅತ್ತೆ ಭಾರತಮ್ಮನವರ ಮುಖ ನೋಡಿಕೊಂಡೇ ಬರಬೇಕು. ತಾಲ್ಲೂಕು ಖಜಾನೆಯೂ ಇಷ್ಟು ಭದ್ರವಾಗಿರಲಾರದು.

ಸ್ಟ್ರಾಬೆರಿ ಏಕೆ ಎಂಬ ಪ್ರಶ್ನೆಗೆ ಅರ್ಜಿದಾರಳ ಉತ್ತರ: ಬೇಕೆನಿಸಿತು. ತಾವು "ಅದನ್ನ ತಿನ್ನೋದಾ, ಮಾರೋದಾ?" ಎಂದು ಕೇಳಿದ್ದಿರಿ. "ನೋಡೋದು ಮಾವ" ಎಂದು ಅವಳು ಹೇಳಿದ್ದಳು. ಅತ್ತೆಯವರು ಅದೇ ಹೊತ್ತಿನಲ್ಲಿ ಗೋಡೆಯಾಚೆಗೆ, "ಹೊಲದ ತುಂಬ ಬಿಸ್ಲು ಬಿದ್ದು ಸಾಯ್ತೈತೆ, ಇವಳು ಕರೆಂಟ್ ಹಾಕಿ ಸೂರ್ಯನ್ನ ಮಾಡ್ತಾಳಂತೆ. ಚೂಡು ಕದಿರಮ್ಮಾ, ನೋಡ್ಬಾ!" ಎಂದು ಪ್ರಕಟಣೆ ಹೊರಡಿಸಿದ್ದರು.

ನಿಜವಾದ ಕಾರಣವನ್ನೂ ಇಲ್ಲಿ ಮುಚ್ಚಿಡಬಾರದು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅರ್ಜಿದಾರಳು ಇಟ್ಟ ವಸ್ತು ಇಟ್ಟಲ್ಲಿ ಇದ್ದ ದಾಖಲೆಯಿಲ್ಲ. ಅವಳ ಬೀರುವಿನಲ್ಲಿ ಸೊಸೈಟಿಯ ಕಡತಗಳಿವೆ, ಮಂಚದ ಕೆಳಗೆ ರಾಗಿ ಮೂಟೆಯಿದೆ, ಅವಳು ತವರಿನಿಂದ ತಂದ ಟ್ರಂಕಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳಿವೆ. ಯಾರ ಮೇಲೂ ದೂರಿಲ್ಲ, ಮನೆಯೆಂದರೆ ಹಾಗೆಯೇ. ಆದರೆ ಆ ಡೇರೆಗೆ ಒಂದು ಜಿಪ್ಪಿತ್ತು. ಅವಳು ಎಳೆದರೆ ಮುಚ್ಚಿಕೊಳ್ಳುತ್ತಿತ್ತು. ಅವಳಿಗೆ ಅದನ್ನು ಕಂಡು ಎಷ್ಟು ಖುಷಿಯಾಯಿತೆಂದರೆ, ಗಿಡ ನೆಡುವ ಮೊದಲೇ ಅದನ್ನು ಸುಮ್ಮನೆ ನಾಲ್ಕೈದು ಸಲ ಎಳೆದು ನೋಡಿದಳು.

೩. ಮೊದಲನೆಯ ದೀಪದ ಪ್ರಕರಣ. ಫೋನಿನಲ್ಲಿ ಹುಡುಕಿದಾಗ ಮೊಟ್ಟಮೊದಲು ಕಂಡದ್ದು, ಅಗ್ಗದ್ದು, ನೇರಳೆ ಬೆಳಕಿನದ್ದು. ಗಿಡಗಳು ಕೆಂಪು ಮತ್ತು ನೀಲಿಯನ್ನೇ ಹೆಚ್ಚು ಉಣ್ಣುತ್ತವೆ, ಆದ್ದರಿಂದ ಉಳಿದ ಬಣ್ಣವೆಲ್ಲ ದಂಡ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅರ್ಜಿದಾರಳು ನಂಬಿದಳು. ಅಚ್ಚಾದುದನ್ನೆಲ್ಲ ನಂಬುವ ಗುಣ ಈ ಮನೆಯ ವಾತಾವರಣದಿಂದ ಬಂದದ್ದೆಂದು ಸವಿನಯವಾಗಿ ಸೂಚಿಸುತ್ತಾಳೆ.

ದೀಪ ಹಚ್ಚಿ, ಸೆಕೆಗೆ ಗಾಳಿಯಾಡಲೆಂದು ಜಿಪ್ಪು ತೆರೆದಿಟ್ಟು, ಅವಳು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದಳು. ಹುಳುಮನೆಯ ಕಿಟಕಿಗಳಿಗೆ ಎಂದಿನಂತೆ ಕಪ್ಪು ಬಟ್ಟೆ ಕಟ್ಟಿತ್ತು. ಆದಕಾರಣ, ಇಡೀ ಕೋಣೆ ನೇರಳೆಯಾಯಿತು. ಆಗ ಮರಿಹುಳುಗಳು ಎರಡನೆಯ ಜ್ವರದಿಂದ ಎದ್ದಿದ್ದವು. (ಪೊರೆ ಬಿಡಲು ಮೇವು ಬಿಟ್ಟು ಕೂರುವುದನ್ನು ಹುಳು ಸಾಕುವವರು ಜ್ವರ ಎನ್ನುತ್ತಾರೆಂದು ತಮಗೆ ತಿಳಿಸಬೇಕಿಲ್ಲ, ಕಡತದ ಪೂರ್ಣತೆಗಾಗಿ ನಮೂದಿಸಿದೆ.) ಅತ್ತೆಯವರು ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನೊಂದಿಗೆ ಒಳಗೆ ಬಂದು, ತಟ್ಟೆ ನೋಡಿ, ಸೊಪ್ಪನ್ನು ಕೈಬಿಟ್ಟರು.

ಹುಳುವಿನ ಆರೋಗ್ಯವನ್ನು ಮೈಬಣ್ಣ ನೋಡಿಯೇ ಹೇಳಬೇಕು. ಹಳದಿಗೆ ತಿರುಗಿದರೆ ಹಾಲುತೊಂಡೆ, ಕಪ್ಪಾದರೆ ಸಪ್ಪೆರೋಗ, ಸುಣ್ಣ ಬಳಿದಂತಾದರೆ ಸುಣ್ಣಕಟ್ಟು. ನೇರಳೆಯಾದರೆ ಏನೆಂಬುದು ಅತ್ತೆಯವರ ಇಡೀ ಸೇವಾವಧಿಯಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅವರ ಕೂಗಿಗೆ ಅರ್ಜಿದಾರಳ ಪತಿ ಹೊಸ್ತಿಲ ತನಕ ಓಡಿಬಂದು ಇಣುಕಿ, "ಅಮ್ಮಾ, ನಿನ್ ಮುಖಾನೂ ನೇರಳೆ ಆಗೈತೆ!" ಎಂದು ವರದಿ ಮಾಡಿದರು.

"ಅಯ್ಯೋ ದೇವುಡಾ, ನನಗೂ ಅಂಟ್ಕೊಂತಾ!" ಎಂದು ಅತ್ತೆಯವರು ಅಂಗಳಕ್ಕೆ ಓಡಿದರು.

ಕದಿರಮ್ಮನವರನ್ನು ತಜ್ಞರನ್ನಾಗಿ ಕರೆಸಲಾಯಿತು. ಅವರು ಕಾಲು ತೊಳೆದು ಒಳಗೆ ಹೋದರು, ತಮ್ಮ ಕೈ ನೇರಳೆಯಾದುದನ್ನು ಕಂಡು ಹೊರಗೆ ಬಂದರು, ಕೈ ಸರಿಹೋದುದನ್ನು ಕಂಡು ಮತ್ತೆ ಒಳಗೆ ಹೋದರು. ಹೀಗೆ ಹಲವು ಬಾರಿ ಪರಿಶೀಲಿಸಿ, "ಭಾರತಕ್ಕ, ಇದು ರೂಮಿಗೇ ಬಂದಿರೋ ರೋಗ" ಎಂದು ತೀರ್ಪಿತ್ತರು. ಮೂಲೆಯಲ್ಲಿ ದೀಪ ಉರಿಯುತ್ತಿದ್ದುದು ಯಾರಿಗೂ ಕಾಣಲಿಲ್ಲವೇ ಎಂದು ಪರಸ್ಥಳದವರು ಕೇಳಬಹುದು. ಕಂಡಿತ್ತು. ಆದರೆ ಹುಳು ಕೆಟ್ಟಿತೆಂಬ ಭಯ ಹೊಕ್ಕರೆ ಹುಳು ಸಾಕುವವರಿಗೆ ಹುಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂದು ತಟ್ಟೆಗೆ ಬಂದದ್ದು ಮನೆಗೆ, ಒಂದು ಮನೆಗೆ ಬಂದದ್ದು ಬೀದಿಗೆ ಹಬ್ಬುತ್ತದೆ. ಈ ಮಾತನ್ನು ಅರ್ಜಿದಾರಳು ತಮಾಷೆಗೆ ಬರೆಯುತ್ತಿಲ್ಲ.

ತಾವು ಆ ಹೊತ್ತಿನಲ್ಲಿ ಸ್ಥಳದಲ್ಲಿದ್ದು, ಹತ್ತಿರ ಹೋಗದೆಯೇ, "ಗುಂಡಿ ತೋಡ್ಲಾ ವೆಂಕಟಾ, ಸುಣ್ಣ ತಗೊಂಬಾ" ಎಂದು ಆಜ್ಞಾಪಿಸಿದಿರಿ. ಅರ್ಜಿದಾರಳು ಪಾಳಿ ಮುಗಿಸಿ ಬಸ್ಸಿಳಿದು ಬಂದಾಗ ಹಿತ್ತಲಲ್ಲಿ ಹೊಸದಾಗಿ ತೋಡಿದ ಗುಂಡಿ, ಅದರ ಸುತ್ತ ಬೀದಿಯ ಜನ, ಎಲ್ಲರ ಮುಖದ ಮೇಲೂ ಸೂತಕದ ಕಳೆ.

"ಯಾರು ಹೋದ್ರು?" ಎಂದು ಅವಳು ಕೇಳಿದಳು.

ಕದಿರಮ್ಮನವರು ಹುಳುಮನೆಯ ಕಡೆ ಕೈ ತೋರಿದರು. ಅವಳು ಕಾಲು ತೊಳೆದು ಒಳಗೆ ಹೋಗಿ, ತಟ್ಟೆ ನೋಡಿ, ಡೇರೆ ನೋಡಿ, ಜಿಪ್ಪು ಎಳೆದಳು. ಕಿಟಕಿಯ ಬಟ್ಟೆ ಸರಿಸಿದಳು. ಹುಳುಗಳು ಹಾಲಿನಂತೆ ಬೆಳ್ಳಗಿದ್ದು, ಬೆಳಿಗ್ಗೆಯಿಂದ ಮೇವಿಲ್ಲದೆ ತಲೆಯೆತ್ತಿ ಹುಡುಕುತ್ತಿದ್ದವು. ಹಿತ್ತಲಲ್ಲಿ ಯಾರೋ ಸುಣ್ಣದ ಚೀಲದ ಬಾಯಿಯನ್ನು ಮೆಲ್ಲಗೆ ಮತ್ತೆ ಕಟ್ಟಿದರು. ಆ ಗುಂಡಿಯಲ್ಲಿ ಈಗ ಪರಂಗಿ ಗಿಡವಿದೆ.

ಅತ್ತೆಯವರು ಬಯ್ಯಲಿಲ್ಲ. ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸೊಪ್ಪು ಉದುರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಅರ್ಜಿದಾರಳು ಅಂದೇ ದೀಪ ಬಿಚ್ಚಿ, ವಾಪಸು ಕಳಿಸಲು ಡಬ್ಬಿಗೆ ತುಂಬಿದಳು.

೪. ಎರಡನೆಯ ದೀಪದ ಬೆಳಕು ಬಿಳಿ. ಆದರೆ ಡಬ್ಬಿಯ ಮೇಲೆ ಸಾವಿರ ವ್ಯಾಟ್ ಎಂದು ದೊಡ್ಡಕ್ಷರದಲ್ಲಿತ್ತು. ತಾವು ಕನ್ನಡಕ ಹಾಕಿಕೊಂಡು ಅದನ್ನೋದಿ, "ಸಾವ್ರ ವ್ಯಾಟಾ! ಇದೇನು ಬೆಳಕಾ, ಬೋರ್‌ವೆಲ್ಲಾ?" ಎಂದು ಹೋಗಿ ಕರೆಂಟ್ ಮೀಟರಿನ ಮುಂದೆ ನಿಂತಿರಿ. ಬೀದಿಯಲ್ಲಿ ಕಂಬ ಹತ್ತಲು ಬಂದಿದ್ದ ಲೈನ್‌ಮನ್ ಅಮರನಾಥ್ ಅವರನ್ನು ಸಾಕ್ಷಿಯಾಗಿ ಕರೆದಿರಿ. ಅರ್ಜಿದಾರಳು ಮೇಘನಳಿಂದ ಎರವಲು ತಂದ ಪುಟ್ಟ ಅಳತೆಯಂತ್ರವನ್ನು ಪ್ಲಗ್ಗಿಗೆ ಸಿಕ್ಕಿಸಿ ತೋರಿಸಿದಳು. ದೀಪ ಗೋಡೆಯಿಂದ ಎಳೆಯುತ್ತಿದ್ದುದು ನೂರು ವ್ಯಾಟಿನ ಹತ್ತಿರ.

"ಹಂಗಾದ್ರೆ ಮಿಕ್ಕಿದ್ದೆಲ್ಲಿ ಹೋಯ್ತು?" ಎಂದಿರಿ ತಾವು.

"ಮಿಕ್ಕಿದ್ದು ಡಬ್ಬಿ ಮ್ಯಾಲೇ ಐತೆ ಸಾರ್" ಎಂದರು ಅಮರನಾಥ್.

ತಾವು ಕನ್ನಡಕ ತೆಗೆದು, "ಗೊತ್ತಾಯ್ತು ಬಿಡು. ಹೆಣ್ಣು ಕೇಳಾಕ್ ಹೋದಾಗ ಹುಡುಗನ ಸಂಬಳ ಹೇಳ್ತಾರಲ್ಲ, ಹಂಗೆ" ಎಂದಿರಿ. ಎಲ್ಲರೂ ಅರ್ಜಿದಾರಳ ಪತಿಯ ಕಡೆ ನೋಡಿದರು. ಅವರು ಮೀಟರಿನ ಕಡೆ ನೋಡಿದರು. ಈ ಬಗ್ಗೆ ಅರ್ಜಿದಾರಳ ಬಳಿ ಪ್ರತ್ಯೇಕ ಕಡತವಿದ್ದು, ಸದ್ಯಕ್ಕೆ ಅದನ್ನು ಮಂಡಿಸುವ ಉದ್ದೇಶವಿಲ್ಲ.

ಸುಳ್ಳನ್ನು ಮನ್ನಿಸಬಹುದಿತ್ತು. ಆದರೆ ಬೆಳಕನ್ನು ತಗ್ಗಿಸುವ ತಿರುಗಣೆ ಅದಕ್ಕಿರಲಿಲ್ಲ. ತೂಗುಹಗ್ಗ ಹೇಗೆ ಕಟ್ಟಿದರೂ ಗಿಡದ ನೆತ್ತಿಯ ಮೇಲೇ ಕೂರುತ್ತಿತ್ತು. ಎಲೆಯಂಚು ಸುಟ್ಟ ಹಪ್ಪಳವಾಯಿತು. ತನ್ನ ಕಾವನ್ನು ತಾನೇ ತಾಳಲಾರದೆ ಅದರ ಒಳಗಿನ ಫ್ಯಾನು ಎಷ್ಟು ಗುಂಯ್‌ಗುಟ್ಟುತ್ತಿತ್ತೆಂದರೆ ತಾವು ವಾರ್ತೆಗೆ ಧ್ವನಿ ಏರಿಸಿ, ಅದು ಕೇಳಿ ಕದಿರಮ್ಮನವರೂ ಧ್ವನಿ ಏರಿಸಿ, ಬೀದಿಯಲ್ಲಿ ವಾರ್ತೆ ಕೇಳದವರೇ ಉಳಿಯಲಿಲ್ಲ. ಆದಕಾರಣ, ಅದನ್ನೂ ವಾಪಸು ಕಳಿಸಲಾಯಿತು.

೫. ಎರಡು ಸಲ ಸೋತು ಅರ್ಜಿದಾರಳು ಬಸ್ಸಿನಲ್ಲಿ ಮೇಘನಳ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಾಗ, ಮೇಘನ ಹೇಳಿದ್ದನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ:

"ಅಲ್ಲ ಕಣೇ, ಫ್ಯಾಕ್ಟ್ರೀಲಿ ದಿನಾ ಸರ್ಕ್ಯೂಟ್ ಬೋರ್ಡ್ ಟೆಸ್ಟ್ ಮಾಡ್ತೀಯ, ಡಬ್ಬಿ ನೋಡಿ ಮೋಸ ಹೋಗ್ತೀಯಲ್ಲ! ಗೋಡೆಯಿಂದ ಎಷ್ಟು ಎಳೀತದೆ ಅದನ್ ನೋಡು. ನಿನ್ ಟೆಂಟಿಗೆ ನಿಜವಾದ ನೂರು ವ್ಯಾಟ್ ಧಾರಾಳ. ಫ್ಯಾನ್ ಇಲ್ದೇ ಇರೋ ಅಗಲ ಹಲಗೆ ಥರದ್ದು ತಗೋ, ಎಲ್ಲಾ ಗಿಡಕ್ಕೂ ಸಮ ಬೀಳ್ತದೆ. ಬಿಳಿ ಬೆಳಕಿರ್ಲಿ, ಜತೆಗ್ ಸ್ವಲ್ಪ ಕೆಂಪು ಸೇರಿರ್ಲಿ, ಹೂ ಬಿಡಕ್ಕೆ. ತಿರುಗ್ಸಿ ಕಮ್ಮಿ ಮಾಡೋ ಹಂಗಿರ್ಬೇಕು. ದೀಪಕ್ಕೆ ಕರೆಂಟ್ ಕೊಡೋ ಪೆಟ್ಟಿಗೆ ಬಿಸಿಯಾಗ್ತದೆ, ಅದನ್ನ ಟೆಂಟಿಂದ ಈಚೆ ಇಡು. ಮೊಳದಷ್ಟು ಮೇಲೆ ಕಟ್ಟು, ಎಲೆ ಮುದುಡ್ತಾ, ಮೇಲಕ್ಕೆತ್ತು. ಗಿಡ ಬಡಕಲಾಗಿ ಉದ್ದಕ್ಕೆ ಎಳೀತಾ, ಕೆಳಗಿಳಿಸು. ಅಷ್ಟೇ. ಮದ್ವೆ ಮಂಟಪಕ್ಕಾ ಲೈಟಿಂಗ್ ಮಾಡ್ತಿರೋದು ನೀನು?"

ಈ ಎಲ್ಲ ಷರತ್ತುಗಳಿಗೆ ಅರ್ಜಿದಾರಳು ತನ್ನದೊಂದನ್ನು ಸೇರಿಸಿದಳು. ದೀಪದಡಿಯಲ್ಲಿ ರೇಷ್ಮೆಹುಳು ಬಿಳಿಯಾಗಿಯೇ ಕಾಣತಕ್ಕದ್ದು. ಯಾವ ಡಬ್ಬಿಯ ಮೇಲೂ ಈ ಬಾಬ್ತು ಇಲ್ಲದ ಕಾರಣ ಮಾರುವವರಿಗೇ ಬರೆದು ಕೇಳಿದಳು. "ಪ್ರಿಯ ಗ್ರಾಹಕರೇ, ನಿಮ್ಮ ಮನೆಯಲ್ಲಿ ಹುಳುಗಳಾಗಿರುವುದಕ್ಕೆ ವಿಷಾದಿಸುತ್ತೇವೆ" ಎಂಬ ಉತ್ತರ ಬಂತು.

ಮೂರನೆಯ ದೀಪ ಬಂದ ದಿನ ಅತ್ತೆಯವರು ಯಾರನ್ನೂ ಕೇಳದೆ ತಾವೇ ಪರೀಕ್ಷೆ ಕೈಗೊಂಡರು. ಸೊಪ್ಪಿನೆಲೆಯ ಮೇಲೆ ಒಂದು ಹುಳು ಇಟ್ಟುಕೊಂಡು ದೀಪದಡಿ ನೋಡಿದರು. ಕಿಟಕಿಗೆ ಒಯ್ದು ನೋಡಿದರು. ಮತ್ತೆ ದೀಪಕ್ಕೆ ತಂದರು. ಅರ್ಜಿದಾರಳು ಕೈ ಕಟ್ಟಿ ನಿಂತಿದ್ದಳು. ಕಾರ್ಖಾನೆಯ ಸಂದರ್ಶನದಲ್ಲಿಯೂ ಅವಳು ಹಾಗೆ ನಿಂತಿರಲಿಲ್ಲ.

"ಅಲ್ಲೂ ಬಿಳಿ, ಇಲ್ಲೂ ಬಿಳಿ" ಎಂದರು ಅತ್ತೆಯವರು. "ಇರ್ಲಿ ಬಿಡು."

ಆದ್ದರಿಂದ, ತಾವು ಕೇಳಿದ ಮೂರು ದೀಪಗಳ ವಿವರಣೆ ಇದೇ: ಮೊದಲನೆಯದು ಹುಳುವಿಗೆ ಒಪ್ಪಲಿಲ್ಲ, ಎರಡನೆಯದು ಗಿಡಕ್ಕೆ ಒಪ್ಪಲಿಲ್ಲ, ಮೂರನೆಯದನ್ನು ಅತ್ತೆಯವರು ಒಪ್ಪಿದರು.

೬. ಇದಾದ ಮೇಲೆ ನಡೆದುದು ತಮ್ಮ ಗಮನಕ್ಕೆ ಬಂದಂತಿಲ್ಲ. ಮೊಟ್ಟೆ ಹಾಳೆಯ ಮೇಲಿನ ರೇಷ್ಮೆಮೊಟ್ಟೆಗಳು ನೀಲಿಗಟ್ಟಿದಾಗ ಕಪ್ಪು ಬಟ್ಟೆ ಸುತ್ತಿ ಕತ್ತಲಲ್ಲಿಟ್ಟು, ಎರಡು ದಿನ ಕಳೆದು ಬೆಳಿಗ್ಗೆ ಒಮ್ಮೆಲೇ ಬೆಳಕಿಗೆ ತೆರೆದರೆ ಮರಿಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಅಂದು ಮೋಡ ಕವಿದಿದ್ದರೆ ಕೆಲವು ಇಂದು, ಕೆಲವು ನಾಳೆ ಬಂದು, ಒಂದೇ ತಟ್ಟೆಯಲ್ಲಿ ಅಣ್ಣ ತಮ್ಮಂದಿರಾಗಿ, ಮೇವು ಕೊಡುವವರ ಪ್ರಾಣ ತಿನ್ನುತ್ತವೆ. ಕಪ್ಪು ಬಟ್ಟೆಯ ಡೇರೆ, ಒಳಗೆ ಟೈಮರಿನಿಂದ ತಾನಾಗಿಯೇ ಹೊತ್ತಿಕೊಳ್ಳುವ ಬಿಳಿ ದೀಪ. ಅತ್ತೆಯವರು ಅದನ್ನು ದಿನಗಟ್ಟಲೆ ಓರೆಗಣ್ಣಿನಿಂದ ನೋಡುತ್ತಿದ್ದರು.

ಅರ್ಜಿದಾರಳಿಗೆ ಪಾಳಿ ಬದಲಾಗಿ ಎರಡು ದಿನ ಡೇರೆ ತೆರೆದಿರಲಿಲ್ಲ. ಮೂರನೆಯ ಬೆಳಿಗ್ಗೆ ಜಿಪ್ಪು ಎಳೆದರೆ ಸ್ಟ್ರಾಬೆರಿ ಕುಂಡಗಳ ನಡುವೆ ಮಣೆ, ಮಣೆಯ ಮೇಲೆ ಮೊಟ್ಟೆ ಹಾಳೆ, ಹಾಳೆಯ ತುಂಬ ಕಪ್ಪು ನೂಲಿನ ಚೂರುಗಳಂಥ ಮರಿಗಳು ಹರಿದಾಡುತ್ತಿವೆ.

"ಅತ್ತೇ!"

"ಕಿರುಚಬ್ಯಾಡ್ವೇ. ನೋಡು, ಎಲ್ಲಾ ಒಂದೇ ಸಲ ಎದ್ದವೆ. ಒಂದೂ ಹಿಂದೆ ಉಳಿದಿಲ್ಲ ನೋಡು." ಟೈಮರಿನ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕೆಂದು ಮಗನಿಂದ ಗುಟ್ಟಾಗಿ ಕಲಿತಿದ್ದರಂತೆ. ಅವರ ಮುಖದಲ್ಲಿ ಅಷ್ಟು ಸಂಭ್ರಮವನ್ನು ಅರ್ಜಿದಾರಳು ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಸಂಜೆಯೊಳಗೆ ಕದಿರಮ್ಮನವರು ಬಂದು, "ಭಾರತಕ್ಕ, ನಿನ್ ಸೊಸೆ ಆ ಸೂರ್ಯನ್ನ ನಮಗೂ ಸೊಲ್ಪ ಬಾಡಿಗೆಗ್ ಕೊಡ್ತಾಳಾ?" ಎಂದು ವಿಚಾರಿಸಿದರು. ಮುಂದಿನ ಬೆಳೆಗೆ ಮೊಟ್ಟೆ ತಂದಾಗ ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತ, "ಸಹನಾ, ನಿನ್ ಟೆಂಟು ಎರಡು ದಿನ ಕೊಡ್ತೀಯೇನಮ್ಮ?" ಎಂದರು. ಈ ಮನೆಯಲ್ಲಿ ಅರ್ಜಿದಾರಳನ್ನು ಯಾರಾದರೂ ಕೇಳಿ ಏನನ್ನಾದರೂ ತೆಗೆದುಕೊಂಡದ್ದು ಅದೇ ಮೊದಲು. ಅವಳು ಹೂಂ ಎಂದು, ಕುಂಡಗಳನ್ನು ಬದಿಗೆ ಸರಿಸಿ ಮಣೆಗೆ ಜಾಗ ಮಾಡಿಕೊಟ್ಟಳು.

ಆ ಎರಡು ದಿನ ಸ್ಟ್ರಾಬೆರಿಗಳಿಗೆ ಕತ್ತಲೆಯಲ್ಲಿ ಕಡ್ಡಾಯ ರಜೆ ಘೋಷಿಸಲಾಯಿತು. ಅವು ಪ್ರತಿಭಟಿಸಲಿಲ್ಲ.

೭. ಇನ್ನು ಸೋಮವಾರದ ಆದೇಶದ ನಂತರದ ವಿಚಾರ. ತಾವು ಕೈ ತೊಳೆದು ಎದ್ದಿರಿ. ಅತ್ತೆಯವರು ಎಲೆಗಳನ್ನೆತ್ತಿ, ಪಾತ್ರೆ ತೊಳೆದಿಟ್ಟು, ಎಲ್ಲೋ ಹೋದರು. ಅರ್ಜಿದಾರಳು ಹುಡುಕಿಕೊಂಡು ಹೋದರೆ ಹುಳುಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಕಳೆದ ಬೆಳೆ ಗೂಡು ಕಟ್ಟಿ, ಮಾರುಕಟ್ಟೆಗೂ ಹೋಗಿಯಾಗಿತ್ತು. ಹೊಸ ಮೊಟ್ಟೆ ಬಂದಿರಲಿಲ್ಲ. ಒಳಗೆ ಒಂದೇ ಒಂದು ಹುಳು ಇರಲಿಲ್ಲ.

ಬಾಗಿಲು ತಟ್ಟಿದಾಗ "ಹುಳ ಅವೆ, ಯಾರೂ ಬರಬ್ಯಾಡಿ" ಎಂದು ಒಳಗಿನಿಂದ ಉತ್ತರ ಬಂತು.

"ನಾನು, ಅತ್ತೆ."

ಚಿಲಕ ತೆಗೆಯಿತು. ಅವಳು ಒಳಗೆ ಬಂದ ಮೇಲೆ ಮತ್ತೆ ಬಿತ್ತು. ಅತ್ತೆಯವರು ಡೇರೆಯ ಜಿಪ್ಪು ಪೂರ್ತಿ ತೆರೆದು, ಅದರ ಮುಂದೆ ಗೋಡೆಗೊರಗಿ, ಕಾಲು ಚಾಚಿ ಕೂತಿದ್ದರು. ಸ್ಟ್ರಾಬೆರಿಯಲ್ಲಿ ಬಿಳಿ ಹೂಗಳೂ, ಕೆಂಪಾಗುತ್ತಿದ್ದ ಎರಡು ಕಾಯಿಗಳೂ ಇದ್ದವು. ಅವರು ಕಾಲು ಚಾಚಿ ಕೂತದ್ದನ್ನು ಅರ್ಜಿದಾರಳು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ.

"ಹುಳ ಎಲ್ಲಿ ಅವೆ ಅತ್ತೆ?"

"ಹುಳ ಅವೆ ಅಂದ್ರೇನೇ ಕಣಮ್ಮ ಈ ಮನೇಲಿ ಬಾಗ್ಲು ಹಾಕ್ಕೋಬೋದು." ಅವರು ಗಿಡದ ಬಾಡಿದ ಎಲೆಯೊಂದನ್ನು ಚಿವುಟಿದರು. "ನಾನು ಬಂದಾಗ ಮನೆ ತುಂಬ ಜನ. ಮೈದುನ್ದಿರು, ನಾದ್ನೀರು, ಕೂಲಿಯೋರು. ಅಳಬೇಕು ಅಂದ್ರೂ ಜಾಗ ಇರ್ಲಿಲ್ಲ, ಹಿತ್ಲಿಗೋದ್ರೂ ಯಾರಾದ್ರೂ ಕೂಗೋರು. ನಮ್ಮತ್ತೆ ಅಂತೂ ದೇವ್ರ ಮನೇಗೂ ನುಗ್ಗೋರು. ಹುಳುಮನೆಗೆ ಮಾತ್ರ ನುಗ್ತಿರ್ಲಿಲ್ಲ. ಹುಳಕ್ಕೆ ಏನಾದ್ರೂ ಆದ್ರೆ ಅಂತ ಭಯ. ಹುಳ ಅವೆ ಅಂತಂದ್ಬುಟ್ರೆ ಸಾಕು, ನಿಮ್ ಮಾವ ಕೂಡ ಹೊಸ್ಲಾಚೆ ನಿಂತು ಮಾತಾಡೋರು."

"ಹುಳ ಇಲ್ದಾಗ?"

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕಿತು. ನಗುತ್ತಿದ್ದಾರೆಂದು ತಿಳಿಯಲು ಅರ್ಜಿದಾರಳಿಗೆ ಸಮಯ ಹಿಡಿಯಿತು.

"ಎಷ್ಟೋ ಸಲ ಹುಳಾನೇ ಇರ್ಲಿಲ್ಲ ಕಣೇ" ಎಂದರು. ನಗು ನಿಂತ ಮೇಲೆ, "ಟೈಲ್ಸ್ ಹಾಕ್ಬುಟ್ರೆ ನಾನೆಲ್ಲಿ ಹೋಗ್ಲಿ?" ಎಂದರು.

ಅರ್ಜಿದಾರಳೂ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಹೊರಗೆ ಯಾರೋ ಎರಡು ಸಲ ಕೂಗಿದರು, ಇಬ್ಬರೂ ಓಗೊಡಲಿಲ್ಲ. ಕೊನೆಗೆ ಅತ್ತೆಯವರು, "ನಿಮ್ ಮಾವ ಬರವಣಿಗೇಲಿ ಕೊಡು ಅಂದ್ರಲ್ಲ, ಬರಿ. ನಂದೂ ಸೇರ್ಸಿ ಬರಿ. ಗೊತ್ತಾಗ್ಲಿ" ಎಂದರು.

೮. ತಾವು ಸೊಸೈಟಿಯಲ್ಲಿ ಹಾಲಿನ ಜಿಡ್ಡಿನಂಶದ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವವರೆಂದು ಹೆಸರಾದವರು. ಹುಳು ತಿಂಗಳೊಳಗೆ ಗೂಡು ಕಟ್ಟಿ ಮುಗಿಸುತ್ತದೆ, ಆಮೇಲೆ ಕೋಣೆಗೆ ಬಿಡುವಿರುತ್ತದೆ. ಆದರೆ ಈ ಮನೆಯ ಹುಳುಮನೆಯ ಬಾಗಿಲು ವರ್ಷದ ಯಾವ ತಿಂಗಳಲ್ಲೂ ಹಾಕಿಯೇ ಇರುತ್ತಿತ್ತು. ಈ ವ್ಯತ್ಯಾಸ ಇಷ್ಟು ವರ್ಷ ತಮ್ಮ ಪರಿಶೀಲನೆಗೆ ಬಾರದೆ ಹೋದದ್ದು ಹೇಗೆ ಎಂದು ಅರ್ಜಿದಾರಳು ಕೇಳುವುದಿಲ್ಲ. ಕೇಳುವುದಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತಾಳೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಸೋಮವಾರದ ಆದೇಶವನ್ನು ಹಿಂಪಡೆಯಬೇಕಾಗಿಯೂ. ಮೂಲೆಯ ಡೇರೆಯನ್ನು ಅದರ ದೀಪ ಸಮೇತ ಇದ್ದಲ್ಲಿಯೇ ಮುಂದುವರಿಸಬೇಕಾಗಿಯೂ. ಸೋಫಾವನ್ನು ಪಡಸಾಲೆಯಲ್ಲಿ ಹಾಕಿ ಗೊಬ್ಬರದ ಮೂಟೆಗಳನ್ನು ಶೆಡ್ಡಿಗೆ ವರ್ಗಾಯಿಸಬೇಕಾಗಿಯೂ. ಮರಿಹುಳುಗಳನ್ನು ಚಾಕಿ ಕೇಂದ್ರದಿಂದ ತರುವ ಪ್ರಸ್ತಾವವನ್ನು, ಅದು ಎಷ್ಟೇ ಬುದ್ಧಿವಂತಿಕೆಯದಾಗಿದ್ದರೂ, ಕೈಬಿಡಬೇಕಾಗಿಯೂ ವಿನಂತಿ. ಅರ್ಜಿ ತಿರಸ್ಕೃತವಾದಲ್ಲಿ ಅದನ್ನೂ ಬರವಣಿಗೆಯಲ್ಲಿಯೇ ತಿಳಿಸತಕ್ಕದ್ದು. ಅದನ್ನು ಓದಿಸಿ ಕೇಳಲು ಕದಿರಮ್ಮನವರ ಮನೆಯ ಜಗಲಿಯಲ್ಲಿ ಜನ ಸೇರಿರುತ್ತಾರೆ.

ತಮ್ಮ ವಿಶ್ವಾಸವನ್ನು ಇನ್ನೂ ಕಳೆದುಕೊಂಡಿಲ್ಲವೆಂದು ನಂಬಿರುವ,

(ಸಹಿ) ಸಹನ
ಒಂದನೆಯ ಅರ್ಜಿದಾರಳು

(ಸಹಿ) ಭಾರತಮ್ಮ
ಎರಡನೆಯ ಅರ್ಜಿದಾರರು. ಮೇಲಿನದನ್ನೆಲ್ಲ ಓದಿಸಿ ಕೇಳಿ, ಎರಡು ಕಡೆ ನಕ್ಕು, ಒಂದು ಕಡೆ ನಿಲ್ಲಿಸಿ ಮತ್ತೊಮ್ಮೆ ಓದಿಸಿಕೊಂಡು, ಸ್ವಂತ ಕೈಯಿಂದ ಸಹಿ ಮಾಡಿದ್ದಾರೆ.

ಅಡಕಗಳು:
೧. ಮೂರನೆಯ ದೀಪದ ಡಬ್ಬಿಯ ಮುಚ್ಚಳ. ಇದರ ಮೇಲೆ ಅಚ್ಚಾಗಿರುವುದಕ್ಕೂ ಮೀಟರು ಹೇಳುವುದಕ್ಕೂ ಹೊಂದಾಣಿಕೆಯಿದೆ.
೨. ಸ್ಟ್ರಾಬೆರಿ ಹಣ್ಣು, ಒಂದು. (ಎರಡಿತ್ತು. ಮೇಲೆ ಹೆಸರಿಸಿದ ಮುಖಾಂತರದವರು ಪರಿಶೀಲನೆಯ ವೇಳೆ ಒಂದನ್ನು ಬಾಯಿಗೆ ಹಾಕಿಕೊಂಡರು.)

ಕೊನೆಯದಾಗಿ ಒಂದು ಕೋರಿಕೆ. ಇದನ್ನು ಎರಡನೆಯ ಅರ್ಜಿದಾರರು ಹೇಳಿ ಬರೆಯಿಸಿರುವುದರಿಂದ ಇದರಲ್ಲಿ ರಿಯಾಯಿತಿಗೆ ಅವಕಾಶವಿಲ್ಲ: ಇನ್ನು ಮುಂದೆ ಹುಳುಮನೆಯ ಬಾಗಿಲು ಹಾಕಿರುವಾಗಲೆಲ್ಲ, ಅದು ಯಾವ ತಿಂಗಳೇ ಆಗಿರಲಿ, ಒಳಗೆ ಅತ್ತೆಯಿರಲಿ, ಸೊಸೆಯಿರಲಿ, ಇಬ್ಬರೂ ಇರಲಿ, ಒಳಗಿನಿಂದ ನಗು ಕೇಳಲಿ, ಅಳು ಕೇಳಲಿ, ಅಲ್ಲಿ ಹುಳುಗಳಿವೆಯೆಂದೇ ತಾವು ಭಾವಿಸತಕ್ಕದ್ದು.